ಹೊಗೆ ಬಿಡದ ಎಂಜಿನ್

ವಿಮಾನ ಸೌತೆ ಬಳ್ಳಿಗಳ ನಡುವೆ ಮೂಗು ಹೂತು ಬಿದ್ದಿತ್ತು.

ಎಡ ರೆಕ್ಕೆ ಮುರಿದಿತ್ತು. ಬಾಲ ಆಕಾಶ ನೋಡುತ್ತಿತ್ತು. ವೆಂಕಟಾಚಲಂ ಮಂಡಿಯೂರಿ ಕೂತು ಪ್ರೊಪೆಲ್ಲರನ್ನು ಬೆರಳಲ್ಲಿ ತಳ್ಳಿ ನೋಡಿದರು. ಅಲುಗಲಿಲ್ಲ. ಹೆಬ್ಬೆರಳು ಸೇರಿಸಿ ತಳ್ಳಿದರು. ಆಗಲೂ ಇಲ್ಲ.

"ಇಡ್ಕಂಡುಬುಟ್ಟೈತೆ," ಎಂದರು. "ನಂಜಪ್ಪನ ಎಂಜಿನ್ ಓಯ್ತು."

ಹಿಂದೆ ಮುನಿರಾಜ್ ನಿಂತಿದ್ದರು. ಕಣ್ಣಿನ ಪೊರೆ ತೆಗೆಸಿಕೊಂಡು ಇನ್ನೂ ವಾರವಾಗಿರಲಿಲ್ಲ. ಕಪ್ಪು ಕನ್ನಡಕದ ಹಿಂದೆ ಅವರ ಮುಖದಲ್ಲಿ ಏನಿದೆ ಎಂದು ತಿಳಿಯುವಂತಿರಲಿಲ್ಲ.

ಬೇಸಿಗೆಯಲ್ಲಿ ತಮಿಳುನಾಡಿನ ಮೆಟ್ಟೂರು ಅಣೆಕಟ್ಟಿನ ನೀರು ಇಳಿದರೆ ಕಣ್ಣು ಹಾಯುವಷ್ಟು ನೆಲ ಬಯಲಾಗುತ್ತದೆ. ಸುತ್ತಲಿನವರು ಅಲ್ಲಿ ಸೌತೆ, ಕಡಲೆಕಾಯಿ ಬೆಳೆಯುತ್ತಾರೆ. ಈ ಇಬ್ಬರು ಮುದುಕರು ಮಾತ್ರ ಅಲ್ಲಿ ವಿಮಾನ ಹಾರಿಸುತ್ತಾರೆ. ತೋಳಗಲದ ವಿಮಾನ, ಮುಷ್ಟಿ ಗಾತ್ರದ ಎಂಜಿನ್, ಕೈಯಲ್ಲೊಂದು ರೇಡಿಯೋ ಡಬ್ಬಿ. ಊರಿನವರು ನಕ್ಕು ನಕ್ಕು ಸುಸ್ತಾಗಿ, ಈಗ ನಗುವುದನ್ನೂ ಬಿಟ್ಟಿದ್ದಾರೆ.

ಪೊಲೀಸ್ ಜೀಪು ಬಂದು ನಿಂತಾಗ ಇಬ್ಬರೂ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡಿದ್ದರು.

ಯಾರೋ ಪುಣ್ಯಾತ್ಮರು ಠಾಣೆಗೆ ಫೋನ್ ಮಾಡಿದ್ದರು. ಇಬ್ಬರು ಮುದುಕರು, ಒಂದು ಕ್ಯಾನ್ ಸ್ಪಿರಿಟ್, ಹೊಡೆದಾಟ. ಇಷ್ಟು ಸಾಕು. ಸ್ಪಿರಿಟ್ ಅಂದರೆ ಮೆಥನಾಲ್. ಗೊತ್ತಿಲ್ಲದೆ ಕುಡಿದವನು ಕಣ್ಣು ಕಳೆದುಕೊಳ್ಳುತ್ತಾನೆ, ಇಲ್ಲವೇ ಪ್ರಾಣ. ಆ ಹೆಸರು ಕೇಳಿದರೆ ಈ ಕಡೆಯ ಠಾಣೆಗಳಲ್ಲಿ ಯಾರಿಗೂ ಕಾಫಿ ಇಳಿಯುವುದಿಲ್ಲ. ಸಬ್ ಇನ್‌ಸ್ಪೆಕ್ಟರ್ ಜಯಪ್ರಿಯಾ ಕಾಫಿ ಲೋಟ ಹಾಗೇ ಬಿಟ್ಟು ಬಂದಿದ್ದಳು. ಜೊತೆಗೆ ಕಾನ್‌ಸ್ಟೇಬಲ್ ಕಾರ್ತಿಕೇಯನ್.

"ಇದು ಕುಡಿಯೋದಕ್ಕಲ್ಲ ಮೇಡಂ. ವಿಮಾನದ ಫ್ಯೂಯೆಲ್. ಪರ್ಮಿಟ್ ಇದೆ," ಎಂದು ಮುನಿರಾಜ್ ಅಚ್ಚ ತಮಿಳಿನಲ್ಲಿ ವಿನಯವಾಗಿ ಹೇಳಿದರು. ಆಮೇಲೆ ಪಕ್ಕಕ್ಕೆ ತಿರುಗಿ ಕನ್ನಡದಲ್ಲಿ ಗೊಣಗಿದರು. "ನಿನ್ನಿಂದ ಪೊಲೀಸ್ ಬಂತು ನೋಡ್ಲಾ."

"ನನ್ನಿಂದಾನಾ? ಎಂಜಿನ್ ಸಾಯಿಸ್ಬುಟ್ಟು ನನ್ ಮೇಲೆ ಆಕ್ತೀಯಾ?" ಇದು ವೆಂಕಟಾಚಲಂ, ಅದೇ ಕನ್ನಡದಲ್ಲಿ.

ಕಾರ್ತಿಕೇಯನ್ ಪಿಳಿಪಿಳಿ ನೋಡಿದ. ಅವನಿಗೆ ಒಂದಕ್ಷರ ತಿಳಿಯಲಿಲ್ಲ. ಜಯಪ್ರಿಯಾ ಮುಖ ಅಲುಗಿಸಲಿಲ್ಲ. ಅವಳು ಸೇಲಂನ ನೇಕಾರರ ಬೀದಿಯಲ್ಲಿ ಹುಟ್ಟಿದವಳು. ಮನೆಮಾತು ಕನ್ನಡ. ಆದರೆ ಅದನ್ನು ಎದೆಯ ಮೇಲಿನ ಹೆಸರುಪಟ್ಟಿಯಲ್ಲಿ ಬರೆದಿರುವುದಿಲ್ಲವಲ್ಲ. ಅವಳು ತಮಿಳಿನಲ್ಲಿ ಕೇಳುತ್ತಾ ಹೋದಳು. ಕಿವಿಯನ್ನು ಕನ್ನಡಕ್ಕೆ ಬಿಟ್ಟಳು.

ತಮಿಳಿನಲ್ಲಿ ಸಿಕ್ಕಿದ್ದು ಇಷ್ಟು. ಇವರು ಮೂವರು ಗೆಳೆಯರು. ಮೂರನೆಯವನು ನಂಜಪ್ಪ, ಲೇತ್ ಕೆಲಸಗಾರ. ಈ ಎಂಜಿನ್ನಿನ ಒಂದೊಂದು ಭಾಗವನ್ನೂ ಅವನೇ ಲೇತಿನಲ್ಲಿ ಕಡೆದು ಜೋಡಿಸಿದ್ದ. ಇಂಥದ್ದು ಇನ್ನೊಂದಿಲ್ಲ. ಹೋದ ವರ್ಷ ಇದೇ ದಿನ ತೀರಿಕೊಂಡ. ಅಂದಿನಿಂದ ಎಂಜಿನ್ ಮುಟ್ಟಿರಲಿಲ್ಲ. ಇವತ್ತು ವರ್ಷದ ಎಡೆ. ಅವನ ಹೆಸರಲ್ಲಿ ಒಂದು ಸಲ ಹಾರಿಸೋಣ ಅಂತ ಬಂದಿದ್ದರು.

ಕನ್ನಡದಲ್ಲಿ ಸಿಕ್ಕಿದ್ದು ಬೇರೆ.

"ಓದ ವಾರ ಟೀ ಅಂಗಡೀಲಿ ನೀನೇ ಅಂದ್ಯಲ್ಲಾ, ಆ ಎಂಜಿನ್ ಕಥೆ ಮುಗೀಬೇಕು ಅಂತ? ಮುಗಿಸ್ದೆ ಬುಡು." ವೆಂಕಟಾಚಲಂ ಎಂಜಿನ್ ಕಡೆ ಬೆರಳು ತೋರಿಸಿದರು.

"ನಾನಂದಿದ್ದು ಬೇರೆ ಅರ್ಥದಲ್ಲಿ."

"ಮೊದಲ್ನೇ ಸುತ್ತು ಬಿಳೀ ಹೊಗೆ ಬಂತು. ಎರಡ್ನೇ ಸುತ್ತಿಗೆ ಹೊಗೆ ನಿಂತೋಯ್ತು. ಸದ್ದು ಕೀರಲಾಯ್ತು. ಆಮೇಲೆ ಟಕ್ ಅಂತ ಇಡ್ಕಂಡ್ತು. ಎಣ್ಣೆ ಆಕದೆ ಬರೀ ಸ್ಪಿರಿಟ್ ಉಯ್ದಿದ್ದೀಯ ನೀನು."

"ಎಣ್ಣೆ ಇಲ್ವಾ? ನೋಡು ಇಲ್ಲಿ!" ಮುನಿರಾಜ್ ಒಂದು ಬೇವಿನ ಕಡ್ಡಿ ಕಿತ್ತು ನೀಲಿ ಕ್ಯಾನಿನ ತಳದವರೆಗೆ ಇಳಿಸಿ ಎತ್ತಿದರು. ಕಡ್ಡಿಯ ತುದಿಯಿಂದ ಎಣ್ಣೆ ತೊಟ್ಟಿಕ್ಕಿತು. "ಇದೇನು, ನಿಮ್ಮಪ್ಪನ ಬೆವರಾ?"

ಜಯಪ್ರಿಯಾ ಆ ಕಡ್ಡಿಯನ್ನು ನೋಡಿದಳು. ಪ್ರೊಪೆಲ್ಲರ್ ನೋಡಿದಳು. ಎಂಜಿನ್ನಿನ ಬಳಿ ಬಗ್ಗಿ ಮೂಸಿದಳು.

"ನೋಡು," ಎಂದು ಮುನಿರಾಜ್ ಪಿಸುಗುಟ್ಟಿದರು. ಪಿಸುಮಾತಿನಲ್ಲಾದರೂ ಇಬ್ಬರೂ ಒಂದಾದಂತಿತ್ತು. "ಈ ಮಗೀಗೆ ಎಂಜಿನ್ ಅಂದ್ರೆ ದೋಸೆ ಇಟ್ಟು ರುಬ್ಬೋ ಗ್ರೈಂಡರ್ ಅಂತ."

"ಗ್ರೈಂಡರೂ ಬಿಚ್ಚಿ ಜೋಡ್ಸಿದ್ದೀನಿ ತಾತ," ಎಂದಳು ಜಯಪ್ರಿಯಾ, ಕನ್ನಡದಲ್ಲಿ. "ಟೀ ಅಂಗಡೀಲಿ ಹೇಳಿದ ಮಾತಿನ ಬೇರೆ ಅರ್ಥ ಏನು ಅಂತ ಈಗ ಹೇಳ್ತೀರಾ, ಸ್ಟೇಷನ್‌ನಲ್ಲಿ ಹೇಳ್ತೀರಾ?"

ಮುನಿರಾಜರ ಕೈಯಿಂದ ಬೇವಿನ ಕಡ್ಡಿ ಜಾರಿ ಬಿತ್ತು.

ಮೊದಲು ಚೇತರಿಸಿಕೊಂಡವರು ವೆಂಕಟಾಚಲಂ. "ಅಂಗಾದ್ರೆ ಒಳ್ಳೇದೇ ಆಯ್ತು ಮಗಾ. ಕಂಪ್ಲೇಂಟ್ ಬರ್ಕೋ. ಇವನು ಬೇಕಂತ್ಲೇ ಮಾಡವ್ನೆ."

ಜಯಪ್ರಿಯಾ ತೆಗೆದ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿದಳು. ಬರೆದುಕೊಂಡರೆ ಮುಗಿಯಿತು. ದೂರಿನಲ್ಲಿ ಸ್ಪಿರಿಟ್ ಎಂಬ ಪದ ಬರುತ್ತದೆ. ಪರ್ಮಿಟ್ ರದ್ದಾಗುತ್ತದೆ. ಆಮೇಲೆ ಆ ಕಪ್ಪು ಕನ್ನಡಕದ ಮುದುಕ ಸೇಲಂ ಕೋರ್ಟಿನ ಮೆಟ್ಟಿಲ ಮೇಲೆ ಕೂತು ಹೆಸರು ಕೂಗುವುದನ್ನು ಕಾಯಬೇಕು. ಈ ಇಬ್ಬರು ಮತ್ತೆ ಎಂದೂ ಒಟ್ಟಿಗೆ ಟೀ ಕುಡಿಯುವುದಿಲ್ಲ.

"ಸಾಯಂಕಾಲ ಬರ್ಕೋತೀನಿ," ಎಂದಳು. "ಅಲ್ಲೀವರ್ಗೂ ಇಬ್ಬರೂ ನನ್ನ ಜೊತೆ ಇರ್ಬೇಕು. ಎಂಜಿನ್ನೂ. ಕ್ಯಾನೂ."

* * *

ಠಾಣೆಯಲ್ಲಿ ಇಬ್ಬರನ್ನೂ ಬೇರೆ ಬೇರೆ ಬೆಂಚಿನ ಮೇಲೆ ಕೂರಿಸಲಾಯಿತು. ನಡುವೆ ಕಾರ್ತಿಕೇಯನ್ ಕೂತ. ಜಯಪ್ರಿಯಾ ಮೊದಲು ಮುನಿರಾಜರನ್ನು ಒಳಗೆ ಕರೆದಳು.

"ಫ್ಯೂಯೆಲ್ ಹೆಂಗೆ ಮಾಡ್ತೀರ? ನನಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಹೇಳಿ."

ಮುನಿರಾಜ್ ನೆಟ್ಟಗೆ ಕೂತರು. ತನಗೆ ಪ್ರಿಯವಾದ ಸಂಗತಿಯ ಬಗ್ಗೆ ಯಾರಾದರೂ ಕೇಳಿದರೆ ಎಂಥ ಆರೋಪಿಯೂ ಒಂದು ಗಳಿಗೆ ಆರೋಪ ಮರೆಯುತ್ತಾನೆ.

"ನಾಲ್ಕು ಪಾಲು ಸ್ಪಿರಿಟ್, ಒಂದು ಪಾಲು ಅರಳೆಣ್ಣೆ. ಅಷ್ಟೇ. ಪೆಟ್ರೋಲ್ ಎಂಜಿನ್ ಬೇರೆ, ಅದಕ್ಕೆ ಟೂ-ಟಿ ಆಯಿಲ್ ಆಕ್ತಾರೆ. ಇದಕ್ಕೆ ಅದನ್ನ ಆಕಿದ್ರೆ ಕೆಟ್ಟೋಯ್ತದೆ. ಸ್ಪಿರಿಟ್‌ಗೂ ಅದಕ್ಕೂ ಆಗ್ಬರಲ್ಲ, ಬೆರೆಯಲ್ಲ. ಮನೇಲಿರೋ ಎಣ್ಣೇಲೆಲ್ಲಾ ಸ್ಪಿರಿಟ್ ಜೊತೆ ಬೆರೆಯೋದು ಅರಳೆಣ್ಣೆ ಒಂದೇ."

"ಎಂಜಿನ್‌ಗೆ ಬೇರೆ ಎಣ್ಣೆ ಹಾಕಲ್ವಾ? ನನ್ನ ಬುಲೆಟ್‌ಗೆ ಹಾಕ್ತೀನಲ್ಲ, ಹಂಗೆ?"

"ಇಲ್ಲ. ಸ್ಪಿರಿಟ್ ಜೊತೆ ಓಗೋ ಎಣ್ಣೇನೇ ಅದಕ್ಕೆ ಪ್ರಾಣ. ಉರೀದೆ ಉಳಿದದ್ದು ಬಿಳೀ ಹೊಗೆಯಾಗಿ ಈಚೆ ಬರ್ತದೆ. ಹೊಗೆ ಬಂದ್ರೆ ಎಂಜಿನ್ ಸುಖವಾಗೈತೆ ಅಂತ."

"ಅಂದ್ರೆ ಹೊಗೆ ನಿಂತ್ರೆ ಎಣ್ಣೆ ಇಲ್ಲ ಅಂತ."

ಮುನಿರಾಜ್ ಒಪ್ಪಿ ತಲೆಯಾಡಿಸಿದರು. ಆಮೇಲೆ ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಂಡದ್ದು ತಿಳಿದು ಕನ್ನಡಕ ಸರಿಮಾಡಿಕೊಂಡರು.

"ಮೊದಲ ಸುತ್ತಿಗೆ ಹೊಗೆ ಬಂತಲ್ಲ, ಅದು?"

"ನಂಜಪ್ಪ ಕೊನೇ ಸಲ ಒಳಗೆ ಬುಟ್ಟಿದ್ದ ಎಣ್ಣೆ. ತುಕ್ಕು ಇಡೀದಿರ್ಲಿ ಅಂತ ಬುಟ್ಟಿರ್ತೀವಿ. ಅದು ಉರಿದು ಮುಗೀತು."

"ಕ್ಯಾನಿಂದ ಹೆಂಗೆ ತುಂಬಿಸಿದ್ರಿ? ಅಲ್ಲಾಡಿಸಿ ತುಂಬಿಸಿದ್ರಾ?"

"ಬೆಳಿಗ್ಗೆ ಮೊಪೆಡ್‌ಗೆ ಕಟ್ಟೋವಾಗ ಒಂದ್ಸಲ ಅಲ್ಲಾಡಿಸ್ದೆ. ಅಲ್ಲಿ ಪೂಜೆ ಆಯ್ತು, ಕಾಯಿ ಒಡೆದ್ವಿ, ಗಾಳಿ ನಿಲ್ಲಲಿ ಅಂತ ಕಾದ್ವಿ. ಆಮೇಲೆ ಮೇಲಿಂದ ಮೆಲ್ಲಗೆ ಲೋಟಕ್ಕೆ ಬಗ್ಗಿಸ್ಕಂಡು ಟ್ಯಾಂಕಿಗೆ ಉಯ್ದೆ. ಮತ್ತೆ ಯಾಕೆ ಅಲ್ಲಾಡಿಸ್ಬೇಕು? ಅರಳೆಣ್ಣೆ ಒಂದ್ಸಲ ಬೆರೆತ್ರೆ ವರ್ಸ ಇಟ್ರೂ ಬಿಟ್ಕೊಡಲ್ಲ."

"ಎಣ್ಣೆ ಎಲ್ಲೀದು?"

ಇಲ್ಲಿ ಮೊದಲ ಸಲ ಉತ್ತರ ತಡವಾಯಿತು.

"ಅಂಗಡೀದು."

"ಯಾವ ಅಂಗಡಿ?"

"ಇಲ್ಲೇ… ಮೆಟ್ಟೂರಲ್ಲಿ. ಬಸ್ ಸ್ಟ್ಯಾಂಡ್ ಕಡೆ."

ಅಷ್ಟರಲ್ಲಿ ಕಾರ್ತಿಕೇಯನ್ ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ, ಮುಖದಲ್ಲಿ ಬಹುಮಾನ ಗೆದ್ದ ಕಳೆ. ಮುನಿರಾಜರ ಮೊಪೆಡ್ಡಿನ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ಬಿಚ್ಚಿದರೆ ಹೊಚ್ಚ ಹೊಸ ಕರೆಂಟ್ ಮೋಟಾರ್, ಬ್ಯಾಟರಿ. ಮಾಡೆಲ್ ವಿಮಾನಕ್ಕೆ ಹಾಕುವಂಥದ್ದು. ಪಾರ್ಸೆಲ್ ಮೇಲೆ ಕಾರಿಮಂಗಲಂನ ವಿಳಾಸ, ಮುನಿರಾಜರ ತಂಗಿಯ ಮನೆಯದು.

"ಮೋಟಿವ್ ಸಿಕ್ಕಿತು ಮೇಡಂ," ಎಂದ ಕಾರ್ತಿಕೇಯನ್ ತಮಿಳಿನಲ್ಲಿ. "ಹಳೆಯದು ಕೆಡಲಿ, ಹೊಸದು ಹಾಕೋಣ ಅಂತ."

ಮುನಿರಾಜ್ ಕನ್ನಡಕ ತೆಗೆದು ಒರೆಸಿಕೊಂಡರು. ಪೊರೆ ತೆಗೆದ ಕಣ್ಣು ಕೆಂಪಗಿತ್ತು.

"ವೆಂಕಟನ ಬೆರಳು ನೋಡಿದ್ರಾ? ಓದ ವರ್ಸ ಪ್ರೊಪೆಲ್ಲರ್ ಬೆರಳಿಗೆ ಬಡೀತು. ಡಾಕ್ಟ್ರು ಒಲಿಗೆ ಆಕ್ಬೇಕಾಯ್ತು. ಎಂಜಿನ್ ಸ್ಟಾರ್ಟ್ ಮಾಡೋಕೆ ಅದನ್ನ ಬೆರಳಲ್ಲೇ ತಿರುವ್ಬೇಕು. ಈಗ ಅವನ ಕೈ ನಡುಗ್ತದೆ. ಇನ್ನೊಂದ್ಸಲ ಬಡಿದ್ರೆ ಬೆರಳೇ ಓಯ್ತದೆ. ಕರೆಂಟ್ ಮೋಟಾರ್‌ಗೆ ಬೆರಳು ಬೇಕಾಗಲ್ಲ. ಇವತ್ತು ನಂಜಪ್ಪನ್ ಎಂಜಿನ್ ಹಾರ್ಸಿ, ತೊಳೆದು, ಅವನ ಫೋಟೋ ಪಕ್ಕ ಇಟ್ಟುಬುಡೋಣ ಅಂದ್ಕಂಡಿದ್ದೆ. ಕಥೆ ಮುಗೀಬೇಕು ಅಂದಿದ್ದು ಅದಕ್ಕೇ."

"ಅವರಿಗೆ ಹೇಳ್ಬಹುದಿತ್ತಲ್ಲ?"

"ನಿಂಗೆ ವಯಸ್ಸಾಯ್ತು ಕಣ್ಲಾ ಅಂತ ನಾನು ಹೇಳ್ಲಾ? ಅವನು ಸುಮ್ನಿರ್ತಾನಾ?"

ಜಯಪ್ರಿಯಾಳಿಗೆ ನಗು ಬಂತು, ಬೇಸರವೂ ಆಯಿತು. ಮೋಟಿವ್ ಏನೋ ಇದೆ. ಆದರೆ ಗೆಳೆಯನ ಬೆರಳು ಉಳಿಸಲು ತಂಗಿಯ ಮನೆಗೆ ಕಳ್ಳತನದಲ್ಲಿ ಪಾರ್ಸೆಲ್ ತರಿಸುವ ಮನುಷ್ಯ, ಸತ್ತ ಗೆಳೆಯನ ಎಡೆಯ ದಿನವೇ ಅವನ ಎಂಜಿನ್ ಕೊಲ್ಲುತ್ತಾನೆಯೇ?

ವೆಂಕಟಾಚಲಂರನ್ನು ಕರೆದು ಒಂದೇ ಪ್ರಶ್ನೆ ಕೇಳಿದಳು. "ಎಣ್ಣೆ ಎಲ್ಲೀದು?"

ಬೆಳಿಗ್ಗೆಯಿಂದ ಕೂಗಾಡುತ್ತಿದ್ದ ಮನುಷ್ಯ ತಲೆಯೆತ್ತಿ ಫ್ಯಾನ್ ನೋಡತೊಡಗಿದರು.

"ಅದೆಲ್ಲಾ ಮುನಿಯನ ಡಿಪಾರ್ಟ್ಮೆಂಟು. ನಂಗೊತ್ತಿಲ್ಲ."

ಇಬ್ಬರೂ ಬೇರೆಲ್ಲದರಲ್ಲಿ ಜಗಳವಾಡಿದ್ದರು. ಸುಳ್ಳು ಹೇಳಿದ್ದು ಮಾತ್ರ ಒಂದೇ ಕಡೆ.

* * *

ಠಾಣೆಯಲ್ಲಿ ಉಪ್ಪಿನಕಾಯಿ ಮುಗಿದ ಒಂದು ಗಾಜಿನ ಜಾಡಿ ಇತ್ತು. ಜಯಪ್ರಿಯಾ ಅದನ್ನು ತೊಳೆದು ಒರೆಸಿದಳು. ಕ್ಯಾನನ್ನು ಚೆನ್ನಾಗಿ ಅಲ್ಲಾಡಿಸಿ ಜಾಡಿಯ ಮುಕ್ಕಾಲು ತುಂಬಿಸಿದಳು. ಕಲಗಚ್ಚಿನ ಹಾಗೆ ಮಬ್ಬಾಗಿತ್ತು. ಮುಚ್ಚಳ ಬಿಗಿದು ಮೇಜಿನ ಮೇಲೆ ಇಟ್ಟಳು.

"ಹತ್ತಿರ ಬೀಡಿ ಹಚ್ಚಬೇಡ," ಎಂದು ಕಾರ್ತಿಕೇಯನ್‌ಗೆ ಹೇಳಿ ಮೊಸರನ್ನ ತಿನ್ನಲು ಹೋದಳು.

ಬರುವಾಗ ಕಾರ್ತಿಕೇಯನ್ ಜಾಡಿಯ ಮುಂದೆ ಬಾಯಿ ಬಿಟ್ಟು ನಿಂತಿದ್ದ. ಜಾಡಿಯೊಳಗೆ ಅಡ್ಡಲಾಗಿ ಗೆರೆ ಎಳೆದಂತಿತ್ತು. ಮೇಲೆ ನೀರಿನಂಥ ತಿಳಿ. ಕೆಳಗೆ ಹೊನ್ನಿನ ಬಣ್ಣದ ಎಣ್ಣೆ.

"ಎಣ್ಣೆ ಮೇಲೆ ತೇಲಬೇಕಲ್ಲ ಮೇಡಂ?"

"ನೀರಿನಲ್ಲಿ ತೇಲುತ್ತೆ. ಸ್ಪಿರಿಟ್ ನೀರಿಗಿಂತ ಹಗುರ, ಎಣ್ಣೆಗಿಂತಲೂ ಹಗುರ. ಇಲ್ಲಿ ಎಣ್ಣೆ ಮುಳುಗುತ್ತೆ."

ಬೆಳಗಿನ ಗಂಟು ಅಲ್ಲಿಗೆ ಬಿಚ್ಚಿತು. ಇಬ್ಬರು ಮುದುಕರೂ ಸರಿ. ಕ್ಯಾನಿನಲ್ಲಿ ಎಣ್ಣೆ ಇತ್ತು, ತಳದಲ್ಲಿ. ಕಡ್ಡಿಗೆ ಸಿಕ್ಕಿದ್ದು ಅದು. ಮೇಲಿಂದ ಮೆಲ್ಲಗೆ ಬಗ್ಗಿಸಿದ ಲೋಟಕ್ಕೆ ಬಂದದ್ದು ಬರೀ ಸ್ಪಿರಿಟ್. ಎಂಜಿನ್ ಎಣ್ಣೆಯಿಲ್ಲದೆ ಓಡಿತು, ಕಾದು ಹಿಡಿದುಕೊಂಡಿತು. ಪೊರೆ ತೆಗೆಸಿದ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡವರಿಗೆ ಲೋಟದ ಬಣ್ಣ ತಿಳಿಯಲಿಲ್ಲ.

ಆದರೆ ಹರಳೆಣ್ಣೆ ಹೀಗೆ ಬೇರೆಯಾಗುವುದಿಲ್ಲ. ಅಂದರೆ ಇದು ಹರಳೆಣ್ಣೆಯೇ ಅಲ್ಲ.

ಅವಳು ಒಂದು ಕಡ್ಡಿಯನ್ನು ತಳಕ್ಕೆ ಇಳಿಸಿ ಎರಡು ತೊಟ್ಟನ್ನು ಕಾಗದದ ಮೇಲೆ ಬಿಟ್ಟು ಬಿಸಿಲಿಗೆ ಹಿಡಿದಳು. ಸ್ಪಿರಿಟ್ ಆರಿತು, ಕಲೆ ಉಳಿಯಿತು. ಮೂಸಿದಳು. ತಕ್ಷಣ ತಿಳಿಯಿತು. ದಿನಾ ಬೆಳಿಗ್ಗೆ ಇಡ್ಲಿ ಪುಡಿಯ ಗುಡ್ಡೆಗೆ ಗುಳಿ ಮಾಡಿ ಬಿಡುತ್ತಾಳಲ್ಲ, ಅದೇ. ಎಳ್ಳೆಣ್ಣೆ.

ಇಬ್ಬರನ್ನೂ ಒಟ್ಟಿಗೆ ಒಳಗೆ ಕರೆದು ಜಾಡಿ ತೋರಿಸಿದಳು.

ಮುನಿರಾಜ್ ಬಗ್ಗಿ, ಕನ್ನಡಕ ಎತ್ತಿ ನೋಡಿದರು. ಅವರ ಮುಖದ ಬಣ್ಣ ಇಳಿಯಿತು. ವೆಂಕಟಾಚಲಂ ಅವರ ಮುಖ ನೋಡಿದರು. ಇಬ್ಬರ ನಡುವೆ ಏನೋ ಹಾದುಹೋಯಿತು.

"ಮೇಡಂ," ಎಂದರು ಮುನಿರಾಜ್. "ನಾನೇ ಮಾಡಿದ್ದು. ಬೇಕಂತ್ಲೇ. ಬರ್ಕಳಿ."

"ಇಲ್ಲ ಇಲ್ಲ," ಎಂದರು ವೆಂಕಟಾಚಲಂ. "ಅವನಿಗೆ ಕಣ್ಣೇ ಕಾಣಲ್ಲ, ಅವನೇನು ಮಾಡಾನು? ನಾನು ಮಾಡಿದ್ದು."

ಜಯಪ್ರಿಯಾಳ ಸೇವೆಯಲ್ಲಿ ಇಂಥದ್ದು ಆಗಿರಲಿಲ್ಲ. ಬೆಳಿಗ್ಗೆ ಒಬ್ಬರನ್ನೊಬ್ಬರು ಜೈಲಿಗೆ ಕಳಿಸಲು ನಿಂತಿದ್ದವರು, ಮಧ್ಯಾಹ್ನ ತಾವೇ ಹೋಗಲು ಪೈಪೋಟಿ ನಡೆಸಿದ್ದರು.

"ಸರಿ. ಮುನಿರಾಜ್ ಅವರೇ, ನೀವು ಯಾವ ಎಣ್ಣೆ ಹಾಕಿದ್ರಿ?"

"ಕಡಲೆ ಎಣ್ಣೆ."

"ವೆಂಕಟಾಚಲಂ ಅವರೇ, ನೀವು?"

"ತೆಂಗಿನೆಣ್ಣೆ."

"ಇದು ಎಳ್ಳೆಣ್ಣೆ," ಎಂದಳು ಜಯಪ್ರಿಯಾ. "ಇಬ್ಬರೂ ಕೂತ್ಕೊಳ್ಳಿ."

ಇಬ್ಬರೂ ಕೂತರು. ಈ ಸಲ ಒಂದೇ ಬೆಂಚಿನ ಮೇಲೆ.

ಮಾಡದ ತಪ್ಪನ್ನು ಮನುಷ್ಯ ಒಪ್ಪಿಕೊಳ್ಳುವುದು ಇನ್ನೊಬ್ಬರಿಗಾಗಿ. ಈ ಇಬ್ಬರೂ ಒಟ್ಟಿಗೆ ಯಾರಿಗಾಗಿ ಒಪ್ಪಿಕೊಳ್ಳುತ್ತಾರೆ? ಜಯಪ್ರಿಯಾ ಕ್ಯಾಪ್ ಎತ್ತಿಕೊಂಡಳು.

"ಕಾರ್ತಿಕೇಯನ್, ಲೇತ್ ನಂಜಪ್ಪನ ಮನೆ ಗೊತ್ತಾ?"

ಬೆಂಚಿನ ಮೇಲೆ ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಅವಳಿಗೆ ಬೇಕಾದ ಸಾಕ್ಷಿ ಅದೇ.

* * *

ಮನೆ ಅಣೆಕಟ್ಟಿನ ರಸ್ತೆಯಿಂದ ಒಳಗೆ, ಹರಳು ಗಿಡಗಳ ಸಾಲಿನ ಹಿಂದೆ ಇತ್ತು. ನಂಜಪ್ಪನ ಹೆಂಡತಿ ಗುಂಡಮ್ಮ ಜಗಲಿಯ ಮೇಲೆ ಕೂತಿದ್ದರು. ಯೂನಿಫಾರ್ಮ್ ನೋಡಿ ಹೆದರಲಿಲ್ಲ.

"ಬಾ ಮಗಾ, ಊಟ ಮಾಡು. ಇವತ್ತು ಈ ಮನೆಗೆ ಬಂದೋರು ಉಣ್ಣದೆ ಓಗಂಗಿಲ್ಲ."

ಹೊಟ್ಟೆಯಲ್ಲಿ ಮೊಸರನ್ನ ಇತ್ತು. ಆದರೂ ಜಯಪ್ರಿಯಾ ಒಳಗೆ ಎಲೆಯ ಮುಂದೆ ಕೂತಳು, ಕಾರ್ತಿಕೇಯನ್ ಜಗಲಿಯಲ್ಲೇ ಕೂತ. ಒಳಗೆ ಗೋಡೆಯ ಬಳಿ ನಂಜಪ್ಪನ ಫೋಟೋ. ಅದರ ಮುಂದೆ ಬಾಳೆಲೆಯಲ್ಲಿ ಮುದ್ದೆ, ಹುರುಳಿ ಸಾರು, ವಡೆ, ಪಾಯಸ. ಪಕ್ಕದಲ್ಲಿ ಅವನ ಕನ್ನಡಕ, ಅಳತೆಯ ಉಪಕರಣ. ದೀಪ ಉರಿಯುತ್ತಿತ್ತು. ಮನೆಯೆಲ್ಲ ಎಳ್ಳೆಣ್ಣೆಯ ಪರಿಮಳ.

ಹೊಸ್ತಿಲ ಆಚೆ, ಜಗಲಿಯ ಮೂಲೆಯಲ್ಲಿ, ಒಂದು ತಗಡಿನ ಡಬ್ಬ ಒಂಟಿಯಾಗಿ ಕೂತಿತ್ತು.

"ಅದೇನಜ್ಜಿ ಆಚೆ ಇಟ್ಟಿದ್ದೀರ?"

"ಅರಳೆಣ್ಣೆ. ಎಡೆ ದಿನ ಅದು ಒಸ್ಲು ದಾಟಂಗಿಲ್ಲ. ನಮ್ಮತ್ತೆ ಕಾಲದಿಂದ ಅಂಗೇ. ತೀರ್ಕಂಡೋರಿಗೆ ಒಳ್ಳೆಣ್ಣೇನೇ ಆಗ್ಬೇಕು." ಒಳ್ಳೆಣ್ಣೆ ಅಂದರೆ ಈ ಕಡೆ ಎಳ್ಳೆಣ್ಣೆ. ಗುಂಡಮ್ಮ ಸಾರು ಬಡಿಸುತ್ತಾ ಮುಂದುವರಿಸಿದರು. "ವರ್ಸಾಂಗಟ್ಲೆ ಇವರ ವಿಮಾನಕ್ಕೆ ಅರಳೆಣ್ಣೆ ಕಾಯ್ಸಿ ಕೊಟ್ಟಿದ್ದು ನಾನೇ. ಮುನಿಯಣ್ಣ ಸ್ಪಿರಿಟ್ ಕ್ಯಾನ್ ತಂದು ಜಗಲಿ ಮೇಲೆ ಇಡ್ತದೆ, ನಾನು ಎಣ್ಣೆ ಉಯ್ದು ಇಡ್ತೀನಿ, ಬೆಳಿಗ್ಗೆ ತಗಂಡೋಯ್ತದೆ. ಆದ್ರೆ ಇವತ್ತು ಅವನ ದಿನ ಅಲ್ವಾ? ಅವನ ದಿನ ಅವನ ಎಂಜಿನ್‌ಗೆ ಆ ಗಬ್ಬು ಎಣ್ಣೆ ಉಯ್ಯಕ್ಕೆ ಮನಸ್ಸು ಬರ್ಲಿಲ್ಲ. ಗಾಣದಲ್ಲಿ ಆಡಿಸ್ಕಂಡು ಬಂದ ಒಳ್ಳೆಣ್ಣೆ ಇತ್ತು. ದೀಪಕ್ಕಿಷ್ಟು ಇಟ್ಕಂಡು ಮಿಕ್ಕಿದ್ದೆಲ್ಲಾ ಉಯ್ದೆ."

ಮುಖದಲ್ಲಿ ಹೆಮ್ಮೆ ತುಂಬಿತ್ತು. ಜಯಪ್ರಿಯಾಳ ಕೈಯಲ್ಲಿ ತುತ್ತು ಹಾಗೇ ನಿಂತಿತು.

"ಬೆಳಿಗ್ಗೆಯಿಂದ ಕಿವಿ ಕೊಟ್ಕಂಡು ಕೂತಿದ್ದೆ," ಎಂದರು ಗುಂಡಮ್ಮ. "ಸದ್ದು ಕೇಳಿಸ್ತು. ಆಮೇಲೆ ನಿಂತೋಯ್ತು. ಚೆನ್ನಾಗಿ ಹಾರ್ತಾ ಮಗಾ?"

ಕಳ್ಳರನ್ನು ಹಿಡಿದಾಗ ಜಯಪ್ರಿಯಾಳಿಗೆ ಖುಷಿಯಾಗುತ್ತಿತ್ತು. ಈಗ ಎದ್ದು ಓಡಿಹೋಗಬೇಕೆನಿಸಿತು. ಅಪರಾಧಿ ಎದುರಿಗೇ ಕೂತು ಪಾಯಸ ಬಡಿಸುತ್ತಿದ್ದಾಳೆ. ಹೇಳದಿದ್ದರೆ ಇಬ್ಬರು ಮುದುಕರ ತಲೆಯ ಮೇಲಿನ ಅನುಮಾನ ಹೋಗುವುದಿಲ್ಲ. ಹೇಳಿದರೆ ಈ ಅಜ್ಜಿಯ ಎದೆ ಒಡೆಯುತ್ತದೆ.

ಹೊರಗೆ ಮೊಪೆಡ್ ಸದ್ದಾಯಿತು. ಠಾಣೆಯಲ್ಲೇ ಕೂತಿರಿ ಎಂದು ಹೇಳಿ ಬಂದಿದ್ದ ಇಬ್ಬರೂ ತಮ್ಮ ಸಾಮಾನು ಎತ್ತಿಕೊಂಡು ಹಿಂದೆಯೇ ಬಂದಿದ್ದರು. ವೆಂಕಟಾಚಲಂ ಓಡಿಸುತ್ತಿದ್ದರು. ಮುನಿರಾಜ್ ಹಿಂದೆ ಅವರ ಸೊಂಟ ಹಿಡಿದು ಕೂತಿದ್ದರು. ಮಡಿಲಲ್ಲಿ ಎಂಜಿನ್.

"ಮೇಡಂ! ಅವಳಿಗೆ ಹೇಳ್ಬೇಡಿ!" ಎಂದು ಮುನಿರಾಜ್ ಬೀದಿಯಿಂದಲೇ ಕೂಗಿದರು, ಊರಿಗೆಲ್ಲ ಕೇಳುವಂತೆ.

ವೆಂಕಟಾಚಲಂ ಅವರ ತೊಡೆಗೆ ಗುದ್ದಿದರು. ತಡವಾಗಿತ್ತು.

ಗುಂಡಮ್ಮ ಸೌಟು ಕೆಳಗಿಟ್ಟರು. "ಏನ್ ಹೇಳ್ಬಾರ್ದು?"

ಜಯಪ್ರಿಯಾ ಕೈ ತೊಳೆದು ಬಂದು ಅವರ ಪಕ್ಕದಲ್ಲಿ ಕೂತಳು. ಎಲ್ಲವನ್ನೂ ಹೇಳಿದಳು. ಹೊಗೆ ನಿಂತದ್ದು, ಕಡ್ಡಿಗೆ ಎಣ್ಣೆ ಸಿಕ್ಕಿದ್ದು, ಜಾಡಿಯಲ್ಲಿ ಗೆರೆ ಬಿದ್ದದ್ದು. ಸ್ಪಿರಿಟ್ ಜೊತೆ ಹರಳೆಣ್ಣೆ ಬೆರೆಯುತ್ತದೆ, ಎಳ್ಳೆಣ್ಣೆ ಎಷ್ಟೇ ಒಳ್ಳೆಯದಾದರೂ ಬೆರೆಯುವುದಿಲ್ಲ. ಅದು ತಳದಲ್ಲೇ ಉಳಿಯಿತು, ಎಂಜಿನ್‌ಗೆ ಹೋಗಲೇ ಇಲ್ಲ.

"ಜಾಡಿ ನೋಡಿದ ತಕ್ಷಣ ಇವರಿಗೆ ತಿಳೀತು, ನೀವು ಹಾಕಿದ್ದು ಹರಳೆಣ್ಣೆ ಅಲ್ಲ ಅಂತ. ಅದಕ್ಕೇ ಇಬ್ಬರೂ ನಾನು ತಾನು ಅಂತ ಒಪ್ಕೊಂಡ್ರು. ಆದ್ರೆ ಯಾವ ಎಣ್ಣೆ ಅಂತ ಅವರಿಗೆ ಗೊತ್ತಿರ್ಲಿಲ್ಲ."

"ಅಂಗಡೀದು ಅಂತ ನೀನ್ಯಾಕೆ ಸುಳ್ಳು ಹೇಳ್ದೆ ಮುನಿಯಣ್ಣ?"

"ಎಡೆ ದಿನ ನಿನ್ನ ಮನೆಗೆ ಪೊಲೀಸ್ ಬರ್ಬಾರ್ದು ಅಂತ."

ಗುಂಡಮ್ಮ ಎಂಜಿನ್ನನ್ನು ಕೈಗೆ ತೆಗೆದುಕೊಂಡರು. ಪ್ರೊಪೆಲ್ಲರ್ ಮುಟ್ಟಿದರು. ಅಲುಗಲಿಲ್ಲ.

"ಅವನ ಅಂಗಿ ಎಷ್ಟು ಒಗೆದ್ರೂ ಆ ಸುಟ್ಟ ಅರಳೆಣ್ಣೆ ವಾಸ್ನೆ ಓಗ್ತಿರ್ಲಿಲ್ಲ," ಎಂದರು. "ಸ್ಟಾರ್ಟ್ ಮಾಡಿದ್ರೆ ಸಾಕು, ಬೀದಿಗೆ ತಗಂಡೋಗು ಅಂತ ಬಯ್ದು ಬಾಗ್ಲು ಆಕ್ತಿದ್ದೆ. ಇವತ್ತೊಂದಿನ ಒಳ್ಳೇ ವಾಸ್ನೆ ಬರ್ಲಿ ಅಂದ್ಕಂಡೆ. ನಾನೇ ಕೊಂದ್ಬುಟ್ನಾ?"

ಕಣ್ಣೀರು ಎಂಜಿನ್ ಮೇಲೆ ಬಿತ್ತು. ಸೆರಗಿನಲ್ಲಿ ಕಣ್ಣೊರೆಸುವ ಮೊದಲು ಅವರು ಎಂಜಿನ್ ಒರೆಸಿದರು.

"ಕೊಂದಿದ್ದು ನೀನಲ್ಲ," ಎಂದರು ವೆಂಕಟಾಚಲಂ. "ನಾನು ಬೆಳಿಗ್ಗೆ ಇವನನ್ನ ಕೊಂದ್ಬುಟ್ಟಿದ್ದೆ, ಮಾತಲ್ಲಿ. ಕಂಪ್ಲೇಂಟ್ ಬರೀರಿ ಅಂದೆ. ಅದು ದೊಡ್ಡದು." ಅವರಿಗೆ ಮುನಿರಾಜರ ಮುಖ ನೋಡಲಾಗಲಿಲ್ಲ. "ಬುಟ್ಬುಡ್ಲಾ ಮುನಿಯ."

"ಬುಟ್ಟೆ. ನಿನ್ನ ಬೆರಳಿಗೆ ಅಂತ ಒಂದು ಕರೆಂಟ್ ಮೋಟಾರ್ ತರ್ಸಿದ್ದೀನಿ."

"ನನ್ನ ಬೆರಳಿಗೆ ಮೋಟಾರಾ?"

"ಆಮೇಲೆ ಹೇಳ್ತೀನಿ ಬುಡು."

ಗುಂಡಮ್ಮ ಎದ್ದರು. ಹೊರಗೆ ಹೋಗಿ ತಗಡಿನ ಡಬ್ಬ ಎತ್ತಿಕೊಂಡರು. ಹೊಸ್ತಿಲ ಬಳಿ ಒಂದು ಕ್ಷಣ ನಿಂತು ಫೋಟೋ ಕಡೆ ನೋಡಿದರು.

"ನಿಂಗೆ ಇದೇ ಬೇಕಾ? ಸರಿ, ತಗೋ."

ಹರಳೆಣ್ಣೆ ಹೊಸ್ತಿಲು ದಾಟಿತು. ಅತ್ತೆಯ ಕಾಲದಿಂದ ಬಂದದ್ದು ಅಲ್ಲಿಗೆ ಮುರಿಯಿತು. ಯಾರೂ ತಡೆಯಲಿಲ್ಲ.

* * *

ಬಾಣಲೆಯಲ್ಲಿ ಹರಳೆಣ್ಣೆ ಬೆಚ್ಚಗಾಯಿತು. ಹಳೆಯ ಎಂಜಿನ್ ಬಿಗಿದುಕೊಂಡಾಗಲೆಲ್ಲ ನಂಜಪ್ಪ ಹೀಗೇ ಮಾಡುತ್ತಿದ್ದನಂತೆ, ಗುಂಡಮ್ಮ ಬಯ್ಯುತ್ತಲೇ ಒಲೆ ಬಿಟ್ಟುಕೊಡುತ್ತಿದ್ದರಂತೆ. ಎಂಜಿನ್ ಎಣ್ಣೆಯಲ್ಲಿ ಮುಳುಗಿ ಕೂತಿತು. ನಾಲ್ವರೂ ಒಲೆಯ ಸುತ್ತ ಕೂತರು. ಕಾರ್ತಿಕೇಯನ್ ಮಾತ್ರ ಜಗಲಿಯಲ್ಲಿ ಎರಡನೇ ಸಲ ವಡೆ ಹಾಕಿಸಿಕೊಂಡು ತಿನ್ನುತ್ತಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ವೆಂಕಟಾಚಲಂ ಎಂಜಿನ್ ತೆಗೆದು ಬಟ್ಟೆಯಲ್ಲಿ ಹಿಡಿದು, ಪ್ರೊಪೆಲ್ಲರ್ ತಳ್ಳಿದರು. ಏನಿಲ್ಲ. ಮತ್ತೆ ಅದ್ದಿದರು, ಮತ್ತೆ ತಳ್ಳಿದರು. ಮುನಿರಾಜ್ ಕಣ್ಣು ಮುಚ್ಚಿಕೊಂಡಿದ್ದರು. ಒಳಗೆಲ್ಲೋ ಸಣ್ಣದಾಗಿ ಕಿರ್ ಎಂದಿತು. ಪ್ರೊಪೆಲ್ಲರ್ ಕಾಲು ಸುತ್ತು ತಿರುಗಿತು. ಆಮೇಲೆ ಪೂರ್ತಿ.

ಪಿಸ್ಟನ್‌ಗೆ ಗೀರು ಬಿದ್ದಿರುತ್ತದೆ ಎಂದರು ಮುನಿರಾಜ್. ಮೊದಲಿನ ಬಲ ಇರುವುದಿಲ್ಲ, ಹಾರಿಸುವುದು ಬೇಡ. ಆದರೆ ಓಡುತ್ತದೆ. ಸವೆದ ಎಂಜಿನ್‌ಗೆ ಹರಳೆಣ್ಣೆ ಜಾಸ್ತಿ ಬೇಕು, ಮೂರಕ್ಕೆ ಒಂದು ಪಾಲು. ಮನೆಗೆ ಹೋಗಿ ಉಳಿದಿದ್ದ ಸ್ಪಿರಿಟ್ ತಂದು ಕಲಸಿದರು. ಈ ಸಲ ಗಾಜಿನ ಜಾಡಿಯಲ್ಲಿ. ನಾಲ್ವರೂ ಒಬ್ಬೊಬ್ಬರಾಗಿ ಬೆಳಕಿಗೆ ಹಿಡಿದು ನೋಡಿದರು. ಜೇನಿನ ಬಣ್ಣದ ತಿಳಿ, ಗೆರೆ ಇಲ್ಲ.

ಎಂಜಿನ್ನನ್ನು ಅಂಗಳದ ಹಳೆಯ ಮರದ ದಿಮ್ಮಿಗೆ ಬಿಗಿದರು. ವೆಂಕಟಾಚಲಂ ನಡುಗುವ ಬೆರಳು ಮುಂದೆ ಚಾಚಿದರು.

"ನಿಲ್ಲು," ಎಂದರು ಗುಂಡಮ್ಮ. ಒಳಗೆ ಹೋಗಿ ಮುದ್ದೆ ತಿರುವುವ ಕೋಲು ತಂದು ಅವರ ಕೈಗೆ ಕೊಟ್ಟರು. "ಇದ್ರಲ್ಲಿ ಒಡಿ. ಬೆರಳಿಗೆ ಯಾಕೆ ಕೆಲ್ಸ?"

ಮುನಿರಾಜ್ ತೋರಿಸಲೆಂದು ತೆಗೆದಿದ್ದ ಮೋಟಾರಿನ ಪೆಟ್ಟಿಗೆಯನ್ನು ಸದ್ದಿಲ್ಲದೆ ಮೊಪೆಡ್ಡಿನೊಳಗೆ ವಾಪಸ್ ಇಟ್ಟರು.

ಕೋಲಿನ ಒಂದು ಏಟು. ಎರಡು. ಮೂರನೆಯದಕ್ಕೆ ಎಂಜಿನ್ ಕೆಮ್ಮಿತು, ನಂತರ ಕಿವಿ ತುಂಬುವಂತೆ ಕೂಗಿತು. ಬಿಳೀ ಹೊಗೆ ಬುಸ್ಸೆಂದು ಬಂತು. ಅಂಗಳ ತುಂಬಿತು. ಸುಟ್ಟ ಹರಳೆಣ್ಣೆಯ ಸಿಹಿ ಘಾಟು ಜಗಲಿ ಏರಿತು. ಕಾರ್ತಿಕೇಯನ್ ಕೆಮ್ಮುತ್ತಾ ಎದ್ದು, ಎಡೆಗೆ ಹೊಗೆ ತಾಗದಿರಲಿ ಎಂದು ಬಾಗಿಲು ಎಳೆಯಲು ಹೋದ.

"ಏಯ್, ಬಾಗ್ಲು ಆಕ್ಬೇಡ!" ಗುಂಡಮ್ಮ ಕೂಗಿದರು. ಅವರ ಮುಖ ಪೂರ್ತಿ ಒದ್ದೆಯಾಗಿತ್ತು. "ಒಳಗೆ ಬರ್ಲಿ ಅವನು."

ಕಾರ್ತಿಕೇಯನ್‌ಗೆ ಕನ್ನಡ ತಿಳಿಯದು. ಆದರೂ ಕೈ ತೆಗೆದು ಪಕ್ಕಕ್ಕೆ ಸರಿದು ನಿಂತ.